ಬನ್ಯನ್ನನ ಯಾತ್ರಿಕರೂ ಮರಣನದಿಯೂ

೧

ಮನುಷ್ಯನು ಸಾಯುವಾಗ ತೋರುವ ಧೈರ್ಯವನ್ನು ನೋಡಿ ಅವನ ಬಾಳಿನ ಬೆಲೆಯನ್ನು ಕಟ್ಟುವುದು ಎಲ್ಲ ದೇಶಗಳಲ್ಲಿಯೂ ಕಂಡುಬರುವ ವಾಡಿಕೆ. ಕ್ರೈಸ್ತ ಯೂರೋಪಿನಲ್ಲಿ ಈ ವಾಡಿಕೆಯಿಂದ ಒಂದು ಸಾಹಿತ್ಯಪ್ರಕಾರವೇ ಬೆಳೆಯಿತು. ೧೫ನೆಯ ಶತಮಾನದಲ್ಲಿ ‘ಆರ್ಸ್ ಮೊರಿಯೆಂಡಿ’, ಎಂದರೆ ‘ಸಾಯುವ ಕಲೆ’, ಎಂಬ ಹೆಸರಿನ ಲ್ಯಾಟಿನ್ ಕೈಪಿಡಿಗಳು ಬಹುವಾಗಿ ಪ್ರಚಾರಗೊಂಡುವು. ಮರಣಶಯ್ಯೆಯಲ್ಲಿರುವವನನ್ನು ಅವಿಶ್ವಾಸ, ನಿರಾಶೆ, ಅಸಹನೆ, ಆತ್ಮಶ್ಲಾಘೆ, ಲೋಭ ಎಂಬ ಐದು ಶೋಧನೆಗಳು ಮುತ್ತುವುವೆಂದೂ ಅವುಗಳನ್ನು ಗೆದ್ದವನದೇ ಸುಮರಣವೆಂದೂ ಅವು ಬೋಧಿಸಿದುವು. ಇಂಗ್ಲೆಂಡಿನಲ್ಲಿ ಜೆರೆಮಿ ಟೇಲರನು ೧೬೫೧ರಲ್ಲಿ ಇದೇ ವಿಷಯವನ್ನು ಕುರಿತು ಪ್ರೌಢವಾದ ಗದ್ಯಗ್ರಂಥವೊಂದನ್ನು ಪ್ರಕಟಿಸಿ, ಬಾಳೆಲ್ಲವೂ ಆ ಒಂದು ಗಳಿಗೆಯ ಸಿದ್ಧತೆಯಾಗಬೇಕೆಂದು ಉಪದೇಶಿಸಿದನು. ಇಂತಹ ಉಪದೇಶದಲ್ಲಿ ಹಿತವುಂಟು, ಅಪಾಯವೂ ಉಂಟು. ಶಾಂತನಾಗಿ ಸತ್ತವನು ಧನ್ಯನೆಂದು ಒಪ್ಪಿದ ಮೇಲೆ, ತಳಮಳಿಸುತ್ತ ಸತ್ತವನ ಗತಿಯೇನೆಂಬ ಪ್ರಶ್ನೆ ಅವನ ಮನೆಯವರ ಎದೆಯಲ್ಲಿ ಮುಳ್ಳಾಗಿ ಉಳಿಯುತ್ತದೆ.

ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ಗ್ರಂಥಗಳಲ್ಲಿ ಜಾನ್ ಬನ್ಯನ್ನನ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಮುಖ್ಯವಾದುದು. ಬನ್ಯನ್ನನು ೧೬೨೮ರಲ್ಲಿ ಬೆಡ್‌ಫರ್ಡಿನ ಬಳಿಯ ಎಲ್‌ಸ್ಟೋ ಎಂಬ ಹಳ್ಳಿಯಲ್ಲಿ ಹುಟ್ಟಿದವನು. ಹಳೆಯ ಪಾತ್ರೆಗಳನ್ನು ಸರಿಮಾಡುವುದು ಆತನ ಕುಲಕಸುಬು. ರಾಜ್ಯದ ಅನುಮತಿಯಿಲ್ಲದೆ ಧರ್ಮೋಪದೇಶ ಮಾಡಿದುದಕ್ಕಾಗಿ ೧೬೬೦ರಿಂದ ೧೬೭೨ರವರೆಗೆ ಸೆರೆಮನೆಯಲ್ಲಿದ್ದನು. ಆತನ ರೂಪಕಕಥೆಯ ಮೊದಲ ಭಾಗ ೧೬೭೮ರಲ್ಲಿಯೂ ಎರಡನೆಯ ಭಾಗ ೧೬೮೪ರಲ್ಲಿಯೂ ಪ್ರಕಟವಾದುವು. ೧೯ನೆಯ ಶತಮಾನದಲ್ಲಿ ಅದು ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಿಂದ ಕನ್ನಡಕ್ಕೂ ಬಂದಿತು. ಪಾಪದ ಹೊರೆಯನ್ನು ಹೊತ್ತ ಕ್ರಿಶ್ಚಿಯನ್ ಎಂಬವನು ನಾಶದ ಪಟ್ಟಣವನ್ನು ಬಿಟ್ಟು ದಿವ್ಯನಗರಿಗೆ ನಡೆಯುವುದೇ ಮೊದಲ ಭಾಗದ ಕಥೆಯೆಂಬುದು ಪ್ರಸಿದ್ಧವಾಗಿದೆ. ಆದರೆ ಆ ನಗರಿಯ ಬಾಗಿಲಿನ ಮುಂದೆ ಹರಿಯುವ ನದಿಯ ಅರ್ಥವನ್ನು ವಿಮರ್ಶಕರು ಸಾಕಾದಷ್ಟು ಗಮನವಿಟ್ಟು ನೋಡಿದಂತಿಲ್ಲ. ಮರಣದಲ್ಲಿ ನಿರೀಕ್ಷೆಯೆಂದರೆ ಭಯವಿಲ್ಲದಿರುವಿಕೆಯಲ್ಲ ಎಂಬುದೇ ಆ ನದಿಯ ಪ್ರಸಂಗಗಳ ಒಟ್ಟು ತಾತ್ಪರ್ಯ.

೨

ಈ ನದಿಯನ್ನು ಭಾರತೀಯ ವಾಚಕನು ವೈತರಣಿಯೆಂದು ಭಾವಿಸುವ ಸಂಭವವುಂಟು. ವೈತರಣಿ ಯಮಲೋಕದ ದಾರಿಯಲ್ಲಿ ಪಾಪಿಗಳನ್ನು ಪೀಡಿಸುವ ಹೊಳೆ; ಬನ್ಯನ್ನನ ನದಿ ಶಿಕ್ಷೆಯ ಸ್ಥಾನವಲ್ಲ. ಅದು ಭವಸಾಗರವೂ ಅಲ್ಲ. ಏಕೆಂದರೆ ಸಂಸಾರದ ಕಷ್ಟಗಳೆಲ್ಲ ಮುಗಿದು, ಹಕ್ಕಿಗಳ ಹಾಡೂ ಹೂಗಳೂ ತುಂಬಿದ ಬೆಯೂಲ ದೇಶವನ್ನು ಸೇರಿದ ಮೇಲೆಯೇ ಅದು ಎದುರಾಗುತ್ತದೆ. ಅದರ ಮೂಲರೂಪ ಯೊರ್ದನ್ ನದಿ. ಆದರೆ ಇಲ್ಲಿ ಬನ್ಯನ್ನನು ಒಂದು ಮುಖ್ಯವಾದ ಮಾರ್ಪಾಟನ್ನು ಮಾಡಿದ್ದಾನೆ. ಯೆಹೋಶುವನ ಗ್ರಂಥದಲ್ಲಿ ಯಾಜಕರ ಕಾಲು ನೀರಿಗೆ ಸೋಕಿದೊಡನೆ ಪ್ರವಾಹ ನಿಂತು, ಜನರು ಒಣನೆಲದ ಮೇಲೆ ದಾಟುತ್ತಾರೆ. ಬನ್ಯನ್ನನ ಯಾತ್ರಿಕರಿಗೆ ನೀರು ಇಬ್ಭಾಗವಾಗುವುದಿಲ್ಲ, ಸೇತುವೆಯೂ ಇಲ್ಲ. ಬೇರೆ ದಾರಿಯುಂಟೇ ಎಂದು ಕೇಳಿದಾಗ, ಹನೋಕ ಮತ್ತು ಎಲೀಯ ಎಂಬ ಇಬ್ಬರಿಗೆ ಮಾತ್ರ ಅದನ್ನು ತುಳಿಯಲು ಅಪ್ಪಣೆಯಾಗಿತ್ತೆಂಬ ಉತ್ತರ ಬರುತ್ತದೆ. ವಿಶ್ವಾಸಿಯೂ ನೀರಿಗೆ ಇಳಿದೇ ತೀರಬೇಕು. ಪವಾಡವನ್ನು ಹೀಗೆ ಕಥೆಯಿಂದ ತೆಗೆದುಹಾಕಿದುದರಿಂದಲೇ ಅದಕ್ಕೆ ಸತ್ಯದ ತೂಕ ಬಂದಿದೆ.

ನದಿಯ ಆಳವನ್ನು ವಿಚಾರಿಸಿದಾಗ, ಆ ಸ್ಥಳದ ಅರಸನಲ್ಲಿ ಇಡುವ ವಿಶ್ವಾಸಕ್ಕೆ ತಕ್ಕಂತೆ ಅದು ಆಳವಾಗಿಯೋ ತೆಳುವಾಗಿಯೋ ಇರುವುದೆಂದು ಯಾತ್ರಿಕರು ತಿಳಿಯುತ್ತಾರೆ. ಈ ನಿಯಮವನ್ನು ಮೇಲುಮೇಲಕ್ಕೆ ಓದಿದವರು, ಗಟ್ಟಿಯಾದ ಮನಸ್ಸಿನವನು ಸುಲಭವಾಗಿ ದಾಟುವನೆಂದು ನಿರ್ಣಯಿಸುತ್ತಾರೆ. ಕಥೆ ನಡೆಯುವುದು ಹಾಗಲ್ಲ. ಅಪೊಲಿಯೋನ್ ಎಂಬ ಪಿಶಾಚನೊಡನೆ ಕತ್ತಿ ಹಿಡಿದು ಹೋರಾಡಿದ ಕ್ರಿಶ್ಚಿಯನ್ನನೇ ನೀರಿಗೆ ಇಳಿದೊಡನೆ ಮುಳುಗತೊಡಗುತ್ತಾನೆ. ಕಣ್ಣಿಗೆ ಕತ್ತಲೆ ಕವಿಯುತ್ತದೆ, ಹಿಂದೆ ಮಾಡಿದ ಪಾಪಗಳೆಲ್ಲ ನೆನಪಿಗೆ ಬರುತ್ತವೆ, ಭೂತಗಳು ಕಾಣಿಸುತ್ತವೆ. ಜೊತೆಯ ಯಾತ್ರಿಕನಾದ ನಿರೀಕ್ಷಾವಂತನು ಅವನ ತಲೆಯನ್ನು ನೀರಿನ ಮೇಲೆ ಎತ್ತಿ ಹಿಡಿಯಲು ಬಹಳವಾಗಿ ಶ್ರಮಪಡುತ್ತಾನೆ. ಬಾಗಿಲಿನಲ್ಲಿ ಕಾದಿರುವವರು ನಿನಗಾಗಿಯೇ ಹೊರತು ನನಗಾಗಿ ಅಲ್ಲವೆಂದು ಕ್ರಿಶ್ಚಿಯನ್ನನು ಹಲುಬುತ್ತಾನೆ.

ಆಗ ನಿರೀಕ್ಷಾವಂತನು ಕೊಡುವ ಉತ್ತರ ಈ ಪ್ರಸಂಗದ ಬೀಗದ ಕೈ. ಧೈರ್ಯ ತಂದುಕೊ ಎಂದು ಗದರಿಸುವುದಕ್ಕೆ ಬದಲಾಗಿ ಅವನು ಕೀರ್ತನೆಗಳ ಗ್ರಂಥದ ೭೩ನೆಯ ಕೀರ್ತನೆಯನ್ನು ನೆನಪಿಗೆ ತರುತ್ತಾನೆ. ಅಲ್ಲಿ ಸಂಕಟವಿಲ್ಲದೆ ಸಾಯುವವರೆಂದು ಹೇಳಿರುವುದು ದುಷ್ಟರನ್ನು ಕುರಿತು. ಆದುದರಿಂದ ಈ ತಳಮಳ ದೇವರು ಕೈಬಿಟ್ಟುದರ ಗುರುತಲ್ಲ. ‘ಸಾಯುವ ಕಲೆ’ಯ ಕೈಪಿಡಿಗಳ ಲೆಕ್ಕವನ್ನು ಬನ್ಯನ್ನನು ಇಲ್ಲಿ ತಲೆಕೆಳಗು ಮಾಡಿದ್ದಾನೆ. ಕ್ರಿಶ್ಚಿಯನ್ನನಿಗೆ ಕಾಲೂರಲು ನೆಲ ಸಿಕ್ಕುವುದು ಇದಾದ ಮೇಲೆ. ಆ ನೆಲವೂ ಅವನ ಮನೋಬಲದಿಂದ ಹುಟ್ಟಿದುದಲ್ಲ. ಅದು ಮೊದಲಿನಿಂದಲೂ ನೀರಿನ ಕೆಳಗೆ ಇದ್ದುದೇ, ಜೊತೆಗಾರನ ಕಾಲಿಗೆ ಆಗಲೇ ಸಿಕ್ಕಿದ್ದುದೇ.

೩

ಮೊದಲ ಭಾಗ ಈ ದಾಟುವಿಕೆಯಿಂದಲೂ ನಗರಪ್ರವೇಶದ ವೈಭವದಿಂದಲೂ ಮುಗಿಯಬಹುದಾಗಿತ್ತು. ಆದರೆ ಗ್ರಂಥಕರ್ತನು ಇನ್ನೊಂದು ದಾಟುವಿಕೆಯನ್ನು ಕೊನೆಯಲ್ಲಿ ಇಟ್ಟಿದ್ದಾನೆ. ಅಜ್ಞಾನಿಯೆಂಬ ಹೆಸರಿನ ಯುವಕನು ತನ್ನ ಒಳ್ಳೆಯತನವನ್ನೇ ನಂಬಿ, ಇಕ್ಕಟ್ಟಿನ ಬಾಗಿಲನ್ನು ಹಾಯದೆ ಅಡ್ಡದಾರಿಯಿಂದ ಬಂದವನು. ವ್ಯರ್ಥಾಶೆಯೆಂಬ ಅಂಬಿಗನು ಅವನನ್ನು ದೋಣಿಯಲ್ಲಿ ಕೂಡಿಸಿ ದಡ ಮುಟ್ಟಿಸುತ್ತಾನೆ. ಮೊದಲಿನ ಇಬ್ಬರು ಪಟ್ಟ ಕಷ್ಟದ ಅರ್ಧವೂ ಅವನಿಗೆ ಇಲ್ಲ. ಆದರೆ ದಡದಲ್ಲಿ ಅವನನ್ನು ಎದುರುಗೊಳ್ಳುವವರು ಯಾರೂ ಇಲ್ಲ. ಬಾಗಿಲಿನಲ್ಲಿ ಪ್ರಮಾಣಪತ್ರವನ್ನು ಕೇಳಿದಾಗ ಎದೆಯ ಬಳಿ ತಡವರಿಸಿ ನೋಡುತ್ತಾನೆ; ಏನೂ ಸಿಕ್ಕುವುದಿಲ್ಲ. ಸ್ವರ್ಗದ ಬಾಗಿಲಿನಿಂದಲೇ ಅವನನ್ನು ಕೈಕಾಲು ಕಟ್ಟಿ ನರಕಕ್ಕೆ ಸಾಗಿಸುತ್ತಾರೆ. ಕನಸು ಅಲ್ಲಿಗೆ ಒಡೆಯುತ್ತದೆ.

ಈ ಮುಕ್ತಾಯ ಕ್ರೂರವೆಂದು ತೋರುವುದು ಸಹಜ. ಪಾಠ ಹೇಳುವವರು ಅನೇಕ ವೇಳೆ ಇದನ್ನು ಬಿಟ್ಟುಬಿಡುವುದೂ ಉಂಟು. ಬಿಟ್ಟರೆ ನದಿಯ ಅರ್ಥವೇ ಕೆಡುತ್ತದೆ. ನಿರೀಕ್ಷಾವಂತನು ಕೀರ್ತನೆಯಿಂದ ಎತ್ತಿ ಹೇಳಿದ ಮಾತಿಗೆ ಅಜ್ಞಾನಿಯ ಸುಖಪ್ರಯಾಣವೇ ದೃಷ್ಟಾಂತ. ಎದೆಯನ್ನು ತಡವರಿಸುವ ಚಿತ್ರವೂ ಆಕಸ್ಮಿಕವಲ್ಲ. ಹಿಂದೆ ಸಂದೇಹದುರ್ಗದ ಸೆರೆಯಲ್ಲಿ ಕ್ರಿಶ್ಚಿಯನ್ನನು ಆತ್ಮಹತ್ಯೆಗೆ ಮನಸ್ಸು ಮಾಡಿದ್ದಾಗ ಅವನನ್ನು ತಡೆದವನೂ ನಿರೀಕ್ಷಾವಂತನೇ. ಆಮೇಲೆ ವಾಗ್ದಾನವೆಂಬ ಬೀಗದ ಕೈ ತನ್ನ ಎದೆಯಲ್ಲಿಯೇ ಇದೆಯೆಂಬುದು ಕ್ರಿಶ್ಚಿಯನ್ನನಿಗೆ ನೆನಪಾಯಿತು. ನಿರಾಶೆಗೊಂಡವನ ಎದೆಯಲ್ಲಿ ತಾನು ಮರೆತ ವಾಗ್ದಾನವಿದೆ. ನಿಶ್ಚಿಂತನ ಎದೆಯಲ್ಲಿ ಏನೂ ಇಲ್ಲ.

ಇಂಗ್ಲಿಷಿನಲ್ಲಿ ಜೊತೆಗಾರನ ಹೆಸರಿಗೂ ಅಂಬಿಗನ ಹೆಸರಿಗೂ ‘ಹೋಪ್’ ಎಂಬ ಒಂದೇ ಮಾತು ಆಧಾರ. ಕನ್ನಡದಲ್ಲಿ ಇವುಗಳನ್ನು ಬೇರ್ಪಡಿಸುವ ಅನುಕೂಲವಿದೆ. ಆಶೆಯೆಂಬ ಪದಕ್ಕೆ ಬಯಕೆಯ ವಾಸನೆ ಹತ್ತಿದೆ; ಆಶೆಯನ್ನು ದುಃಖದ ಬೇರೆಂದು ಈ ದೇಶದ ಅನೇಕ ದರ್ಶನಗಳು ಹಳಿದಿವೆ. ಬೈಬಲಿನ ಕನ್ನಡ ಭಾಷಾಂತರದಲ್ಲಿ ನಂಬಿಕೆ ಮತ್ತು ಪ್ರೀತಿಗಳ ಜೊತೆಯಲ್ಲಿ ನಿಂತಿರುವ ಮಾತು ನಿರೀಕ್ಷೆ. ಆಶಿಸುವವನು ತನಗೆ ಬೇಕಾದುದನ್ನು ಬಯಸುತ್ತಾನೆ. ನಿರೀಕ್ಷಿಸುವವನು ಮಾತು ಕೊಟ್ಟವನ ದಾರಿಯನ್ನು ನೋಡುತ್ತಾನೆ. ಮೊದಲನೆಯದಕ್ಕೆ ತನ್ನ ಮನಸ್ಸೇ ಪ್ರಮಾಣ, ಎರಡನೆಯದಕ್ಕೆ ಇನ್ನೊಬ್ಬನ ಮಾತು ಪ್ರಮಾಣ. ದಾರಿ ನೋಡುವವನ ಮನಸ್ಸು ಅಂಜಿದರೂ ಮಾತು ಕೊಟ್ಟವನು ಬಾರದಿರುವುದಿಲ್ಲ. ಬನ್ಯನ್ನನು ದೋಣಿಗೂ ನೆಲಕ್ಕೂ ಇರುವ ಭೇದದಿಂದ ತೋರಿಸಿದುದು ಇದನ್ನೇ.

೪

ಎರಡನೆಯ ಭಾಗದಲ್ಲಿ ಕ್ರಿಶ್ಚಿಯನ್ನನ ಹೆಂಡತಿಯಾದ ಕ್ರಿಶ್ಚಿಯಾನಳೂ ಆಕೆಯ ಪರಿವಾರದವರೂ ಅದೇ ದಾರಿಯಲ್ಲಿ ನಡೆಯುತ್ತಾರೆ. ನದಿಯ ನಿಯಮಕ್ಕೆ ಇಲ್ಲಿ ಪೂರ್ಣವಾದ ವ್ಯಾಖ್ಯಾನ ದೊರೆಯುತ್ತದೆ. ದಾರಿತೋರುವ ಮಹಾಧೀರನು ಭಯಶೀಲನೆಂಬ ಒಬ್ಬ ಯಾತ್ರಿಕನ ಕಥೆಯನ್ನು ಹೇಳುತ್ತಾನೆ. ಅವನು ನಿರಾಶೆಯ ಕೆಸರಿನ ಅಂಚಿನಲ್ಲಿಯೇ ಒಂದು ತಿಂಗಳಿಗೂ ಮೇಲ್ಪಟ್ಟು ಅಳುತ್ತ ಬಿದ್ದಿದ್ದವನು. ಪ್ರತಿಯೊಂದು ಬಾಗಿಲಿನಲ್ಲಿಯೂ ತನಗೆ ಪ್ರವೇಶವಿಲ್ಲವೆಂದು ನಡುಗಿದವನು. ನದಿಯ ದಡದಲ್ಲಿಯೂ ತಾನು ಮುಳುಗಿಯೇ ಹೋಗುವೆನೆಂದು ಗೋಳಾಡಿದನು. ಆದರೆ ಅಂದು ನೀರು ಮಹಾಧೀರನು ಎಂದೂ ಕಾಣದಷ್ಟು ಇಳಿದುಹೋಗಿತ್ತು. ಭಯಶೀಲನು ಪಾದ ನೆನೆಯುವಷ್ಟು ನೀರಿನಲ್ಲಿ ದಾಟಿದನು.

ಮೊದಲ ಭಾಗದ ನಿಯಮಕ್ಕೂ ಇದಕ್ಕೂ ವಿರೋಧವಿದೆಯೆಂದು ಆಕ್ಷೇಪಿಸಬಹುದು. ವಿಶ್ವಾಸವೆಂದರೆ ತನ್ನ ವಿಷಯದಲ್ಲಿ ತಾನು ಪಡುವ ಭರವಸೆಯೆಂದು ಅರ್ಥಮಾಡಿದರೆ ವಿರೋಧ ನಿಜ. ಭಯಶೀಲನಿಗೆ ಸಂದೇಹವಿದ್ದುದು ತನ್ನ ವಿಷಯದಲ್ಲಿ ಮಾತ್ರ. ಅರಸನ ವಿಷಯದಲ್ಲಿ ಅಲ್ಲ. ಸಿಂಹಗಳನ್ನಾಗಲಿ ಮಾಯಾಸಂತೆಯನ್ನಾಗಲಿ ಅವನು ಲೆಕ್ಕಕ್ಕೆ ತಂದುಕೊಳ್ಳಲಿಲ್ಲವೆಂದೂ ಅವನ ಅಂಜಿಕೆಯೆಲ್ಲ ಕೊನೆಗೆ ತನ್ನನ್ನು ಸ್ವೀಕರಿಸುವರೋ ಇಲ್ಲವೋ ಎಂಬುದೊಂದೇ ಎಂದೂ ಮಹಾಧೀರನು ಸ್ಪಷ್ಟವಾಗಿ ಹೇಳುತ್ತಾನೆ. ಆದುದರಿಂದ ನದಿಯನ್ನು ಅಳೆಯುವ ಕೋಲು ಯಾತ್ರಿಕನ ಕೈಯಲ್ಲಿಲ್ಲ.

ಕೊನೆಯ ಪುಟಗಳಲ್ಲಿ ಯಾತ್ರಿಕರಿಗೆ ಒಬ್ಬೊಬ್ಬರಾಗಿ ಓಲೆ ಬರುತ್ತದೆ. ಕ್ರಿಶ್ಚಿಯಾನಳಿಗೆ ಬಂದ ಗುರುತು ಪ್ರೀತಿಯಿಂದ ಹರಿತಮಾಡಿದ ಬಾಣ. ಉಳಿದವರಿಗೆ ಬಂದ ಗುರುತುಗಳೆಲ್ಲ ಪ್ರಸಂಗಿಯ ಗ್ರಂಥದ ೧೨ನೆಯ ಅಧ್ಯಾಯದಿಂದ ಆರಿಸಿದುವು: ಒಡೆದ ಚಿನ್ನದ ಬಟ್ಟಲು, ಮಬ್ಬಾದ ಕಿಟಕಿಗಳು, ಬುಗ್ಗೆಯ ಬಳಿ ಒಡೆದ ಕೊಡ, ಬಾವಿಯ ಬಳಿ ಮುರಿದ ರಾಟೆ. ಆ ಅಧ್ಯಾಯದಲ್ಲಿ ಇವು ಮುಪ್ಪಿನ ಹಾಳನ್ನು ಸೂಚಿಸುವ ಖಿನ್ನವಾದ ಪ್ರತಿಮೆಗಳು. ಅವನ್ನೇ ಅರಸನ ಓಲೆಯ ಮುದ್ರೆಗಳನ್ನಾಗಿ ಮಾಡಿದುದು ಬನ್ಯನ್ನನ ಕಲ್ಪನೆಯ ಉನ್ನತವಾದ ಕೆಲಸ. ಕಣ್ಣು ಮಂಜಾಗುವುದೂ ಕಿವಿ ಮಂದವಾಗುವುದೂ ಸುಳ್ಳಾಗುವುದಿಲ್ಲ. ಅವು ಕರೆಯ ಗುರುತುಗಳಾಗುತ್ತವೆ.

ದಾಟುವ ರೀತಿಯೂ ಒಬ್ಬೊಬ್ಬರಿಗೆ ಒಂದೊಂದು. ಕುಂಟುವ ಯಾತ್ರಿಕನು ದಡದಲ್ಲಿ ಊರುಗೋಲುಗಳನ್ನು ಬಿಟ್ಟುಹೋಗುತ್ತಾನೆ. ದುರ್ಬಲಮನಸ್ಕನು ತನ್ನ ದುರ್ಬಲ ಮನಸ್ಸನ್ನು ತಿಪ್ಪೆಯಲ್ಲಿ ಹೂಳಿಸಬೇಕೆಂದು ಕೇಳಿಕೊಳ್ಳುತ್ತಾನೆ. ಪ್ರಾಮಾಣಿಕನು ದಾಟುವ ದಿನ ನದಿ ದಡ ಮೀರಿ ಹರಿಯುತ್ತಿತ್ತು. ಒಳ್ಳೆಯ ಮನಸ್ಸಾಕ್ಷಿಯೆಂಬವನು ಬಂದು ಅವನಿಗೆ ಕೈಕೊಟ್ಟನು. ಬಹುಭೀತೆಯೆಂಬ ಹುಡುಗಿ ಹಾಡುತ್ತ ದಾಟಿದಳು. ಆದರೆ ಆಕೆ ಏನು ಹಾಡಿದಳೆಂಬುದು ಯಾರಿಗೂ ತಿಳಿಯಲಿಲ್ಲ. ಇಷ್ಟೇ ಹೇಳಿ ಬನ್ಯನ್ನನು ಸುಮ್ಮನಾಗುತ್ತಾನೆ. ಸಾಯುವವರ ಕೊನೆಯ ಅನುಭವ ಉಳಿದವರಿಗೆ ಅರ್ಥವಾಗಲೇಬೇಕೆಂಬ ಹಟ ಆತನಿಗಿಲ್ಲ.

೫

ಬನ್ಯನ್ನನ ಈ ವಿವೇಕ ಪುಸ್ತಕದಿಂದ ಬಂದುದಲ್ಲ. ೧೬೬೬ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ, ಸೆರೆಮನೆಗೆ ಹೊಸದಾಗಿ ಬಂದಾಗ ತನ್ನನ್ನು ಕಾಡಿದ ನೇಣಿನ ಭಯವನ್ನು ಆತನು ವಿವರಿಸಿದ್ದಾನೆ. ಸಾವಿಗಿಂತ ಹೆಚ್ಚಾಗಿ ಆತನನ್ನು ಬಾಧಿಸಿದುದು, ಮುಖ ಬಿಳಿಚಿ ಮೊಣಕಾಲು ನಡುಗುತ್ತ ಏಣಿಯನ್ನು ಹತ್ತಿದರೆ ದೇವರ ಹೆಸರಿಗೆ ಕಳಂಕ ಬರುವುದೆಂಬ ನಾಚಿಕೆ. ಆ ಗಳಿಗೆಯಲ್ಲಿ ಸಾಂತ್ವನ ದೊರೆಯಲಿ ದೊರೆಯದಿರಲಿ, ಸ್ವರ್ಗವಾಗಲಿ ನರಕವಾಗಲಿ, ಕಣ್ಣು ಕಟ್ಟಿಕೊಂಡಾದರೂ ದೇವರ ಮಾತಿನ ಮೇಲೆ ಧುಮುಕುವೆನೆಂಬುದು ಆತನ ಕೊನೆಯ ನಿಶ್ಚಯ. ಸಮಾಧಾನವಿಲ್ಲದೆಯೂ ನಿರೀಕ್ಷೆ ಇರಬಲ್ಲುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಇದರ ವೈಶಿಷ್ಟ್ಯ ಹೋಲಿಕೆಯಿಂದ ಇನ್ನೂ ವಿಶದವಾಗುತ್ತದೆ. ಕನ್ನಡದ ‘ವಡ್ಡಾರಾಧನೆ’ಯ ೧೯ ಕಥೆಗಳಿಗೂ ಮರಣವೇ ಕೇಂದ್ರ. ಸಾಸಿವೆಯ ಕಾಳು ಒತ್ತಿದರೂ ನೋಯುವಷ್ಟು ಕೋಮಲನಾಗಿದ್ದ ಸುಕುಮಾರಸ್ವಾಮಿಯು, ನರಿ ತನ್ನ ಮರಿಗಳೊಡನೆ ಮೂರು ರಾತ್ರಿ ಮೈಯನ್ನು ತಿನ್ನುತ್ತಿದ್ದರೂ ಅಲುಗದೆ ಸಮಾಧಿಮರಣವನ್ನು ಪಡೆಯುತ್ತಾನೆ. ಅಲ್ಲಿ ಅಚಲತೆಯೇ ಸಿದ್ಧಿ. ಜೀವನು ತನ್ನ ಸಾಧನೆಯಿಂದ ಅದನ್ನು ಗಳಿಸಬೇಕು, ಬೇರೊಬ್ಬರು ತಲೆಯೆತ್ತಿ ಹಿಡಿಯುವಂತಿಲ್ಲ. ಬನ್ಯನ್ನನಲ್ಲಿ ಅಚಲತೆ ಕೆಲವರಿಗೆ ದೊರೆಯುವ ವರ. ಸ್ಥಿರನಿಷ್ಠನೆಂಬವನು ಶಾಂತವಾದ ನದಿಯ ನಡುವೆ ನಿಂತು ಗೆಳೆಯರೊಡನೆ ಮಾತಾಡಬಲ್ಲನು. ಆದರೆ ಆ ವರವಿಲ್ಲದವನಿಗೂ ಅದೇ ನಗರಿ, ಅದೇ ಬಾಗಿಲು. ಎರಡು ದೃಷ್ಟಿಗಳಲ್ಲಿ ಒಂದನ್ನು ಕೀಳೆನ್ನುವುದು ಯುಕ್ತವಲ್ಲ. ಒಂದರ ಅಳತೆಯಿಂದ ಇನ್ನೊಂದನ್ನು ಓದುವುದು ತಪ್ಪೆಂಬುದಷ್ಟೇ ಇಲ್ಲಿ ವಿವಕ್ಷಿತ.

ಗ್ರಂಥದಲ್ಲಿ ದೋಷಗಳಿಲ್ಲವೆಂದಲ್ಲ. ಎರಡನೆಯ ಭಾಗದ ಓಲೆಗಳು ಒಂದರ ಹಿಂದೆ ಒಂದಾಗಿ ಬರುವುದರಿಂದ ಮರಣ ಒಂದು ಮೆರವಣಿಗೆಯಂತೆ ತೋರಿ, ಮೊದಲ ಭಾಗದ ಕತ್ತಲೆಯ ಬಿಗಿ ಸಡಿಲುತ್ತದೆ. ಅಜ್ಞಾನಿಗೆ ವಿಧಿಸಿದ ದಂಡನೆಯಲ್ಲಿ ಆ ಕಾಲದ ಮತಕಾಠಿನ್ಯವೂ ಸೇರಿದೆ. ಆದರೂ ಎರಡು ಭಾಗಗಳನ್ನು ಕೂಡಿಸಿ ಓದಿದಾಗ ನಾಲ್ಕು ದಾಟುವಿಕೆಗಳು ಒಂದನ್ನೊಂದು ತಿದ್ದುತ್ತವೆ: ಶೂರನು ಮುಳುಗುತ್ತಾನೆ, ಅಂಜುಕುಳಿಯು ನಡೆದು ಹೋಗುತ್ತಾನೆ, ದೃಢಚಿತ್ತನು ಶಾಂತನಾಗಿ ನಿಲ್ಲುತ್ತಾನೆ, ನಿಶ್ಚಿಂತನು ದಡ ಮುಟ್ಟಿಯೂ ಕೆಡುತ್ತಾನೆ. ಇವುಗಳಲ್ಲಿ ಒಂದನ್ನು ಮಾತ್ರ ಆರಿಸಿ ಪಾಠಪುಸ್ತಕಗಳಲ್ಲಿ ಸೇರಿಸಿದರೆ ಬನ್ಯನ್ನನು ಹೇಳದ ನೀತಿಯನ್ನು ಆತನ ಬಾಯಿಂದ ಹೇಳಿಸಿದಂತಾಗುವುದು. ನಾಲ್ಕನ್ನೂ ಜೊತೆಯಾಗಿ ಓದಿಸುವ ಅಧ್ಯಾಪಕನು, ಹತ್ತಿರದವರೊಬ್ಬರು ಭಯದಿಂದ ಕಣ್ಣು ಮುಚ್ಚಿದುದನ್ನು ಕಂಡಿರುವ ವಿದ್ಯಾರ್ಥಿಗೆ ಆ ಭಯದ ಮೇಲೆ ತೀರ್ಪು ಹೇಳಬೇಕಾಗಿಲ್ಲವೆಂಬುದನ್ನು ಈ ಗ್ರಂಥದಿಂದಲೇ ತಿಳಿಸಿಕೊಡಬಲ್ಲನು.