ಎರಡು ಆಲ್ಬಂಗಳಲ್ಲಿ ಶರೀಫರ ಪದಗಳು

ಬೆಂಗಳೂರಿನ 'ರಘು ದೀಕ್ಷಿತ್ ಪ್ರಾಜೆಕ್ಟ್' ಎಂಬ ಜಾನಪದ-ರಾಕ್ ವೃಂದವು 2008ರಲ್ಲಿ ತನ್ನ ಮೊದಲ ಆಲ್ಬಮನ್ನೂ 2013ರಲ್ಲಿ 'ಜಗ್ ಚಂಗಾ' ಎಂಬ ಎರಡನೆಯದನ್ನೂ ಹೊರತಂದಿತು. ಮೊದಲನೆಯದನ್ನು ಬಾಯಿಪಾಠ ಮಾಡಿಕೊಂಡಿದ್ದ ನಮ್ಮಂಥ ಕೇಳುಗರಿಗೆ ಎರಡನೆಯದು ಅಷ್ಟಾಗಿ ಹಿಡಿಸಲಿಲ್ಲ. ವಾದ್ಯಗಳ ಭಾರ ಹೆಚ್ಚಿತೆಂದು ಇದಕ್ಕೆ ಸುಲಭವಾಗಿ ಕಾರಣ ಹೇಳಬಹುದು. ಆದರೆ ಆ ಕಾರಣ ಸಾಲದೆಂಬುದು ನಮ್ಮ ಅಭಿಪ್ರಾಯ. ಎರಡು ಆಲ್ಬಂಗಳಲ್ಲಿಯೂ ಶಿಶುನಾಳ ಶರೀಫರ (1819-1889) ಪದಗಳಿರುವುದರಿಂದ ಹೋಲಿಕೆಗೆ ಗಟ್ಟಿಯಾದ ನೆಲೆಯೊಂದು ದೊರೆಯುತ್ತದೆ. ಹಿಂದಿ ಹಾಡುಗಳ ಗುಣದೋಷಗಳನ್ನು ಆ ಭಾಷೆಯನ್ನು ಬಲ್ಲವರು ವಿವೇಚಿಸಲಿ.

ಮೊದಲ ಆಲ್ಬಮಿನಲ್ಲಿರುವ ಸೋರುವ ಮಾಳಿಗೆಯ ಪದವನ್ನು ತೆಗೆದುಕೊಳ್ಳೋಣ. ಮಾಳಿಗೆಯೆಂದೊಡನೆ ಹಳೆಯ ಮೈಸೂರಿನ ಕಡೆಯವರಿಗೆ ಮನೆಯ ಮೇಲಂತಸ್ತು ನೆನಪಾಗುತ್ತದೆ. ಕೊಪ್ಪಳ ಜಿಲ್ಲೆಯ ಇಟಗಿಯ ಸುತ್ತಿನ ಹಳೆಯ ಮನೆಗಳಲ್ಲಾದರೋ ಅದು ತೊಲೆ ಜಂತಿಗಳ ಮೇಲೆ ಮಣ್ಣು ಹಾಸಿದ ಸಮತಟ್ಟಾದ ಛಾವಣಿ. ಮಳೆಗಾಲಕ್ಕೆ ಮುನ್ನ ಮಣ್ಣು ಹರವಿ ಗಟ್ಟಿಸದಿದ್ದರೆ, ಜಡಿಮಳೆಯ ರಾತ್ರಿಯನ್ನು ತೊಟ್ಟಿಕ್ಕುವ ನೀರಿಗೆ ಪಾತ್ರೆಯಿಡುತ್ತ ಕಳೆಯಬೇಕು. ಅಜ್ಞಾನದಿಂದ ಶಿಥಿಲವಾದ ಬಾಳಿಗೆ ಶರೀಫರು ಈ ಮಾಳಿಗೆಯನ್ನು ಸಂಕೇತವಾಗಿಸಿದರು. ರಘು ದೀಕ್ಷಿತರು ಇದನ್ನು ನಿಧಾನವಾಗಿ ಹಾಡಿ, ನುಡಿನುಡಿಗಳ ನಡುವೆ ಬಿಡುವು ಕೊಟ್ಟಿದ್ದಾರೆ. ತತ್ತ್ವಪದದ ಭಜನೆಯಲ್ಲಿಯೂ ಕ್ರಮ ಇದೇ. ಏಕತಾರಿ ದಮ್ಮಡಿಗಳ ನಡುವೆ ಮುಂದಾಳು ಒಂದು ನುಡಿ ಹಾಡಿ ಬಿಟ್ಟರೆ ಹಿಮ್ಮೇಳದವರು ಪಲ್ಲವಿಯನ್ನು ಎತ್ತಿಕೊಳ್ಳುತ್ತಾರೆ. ಆ ಎಡೆಯಲ್ಲಿ ಅರ್ಥವು ಕೇಳುಗನೊಳಕ್ಕೆ ಇಳಿಯುತ್ತದೆ. ಗಿಟಾರು ಹಿಡಿದರೂ ಈ ಮರ್ಮ ಅವರಿಗೆ ತಪ್ಪಿರಲಿಲ್ಲ.

'ಜಗ್ ಚಂಗಾ'ದಲ್ಲಿ ಕೋಳಿಯು ಕೋಡಗವನ್ನು ನುಂಗುವ ಪದವಿದೆ. ಅದು ಬೆಡಗಿನ ಪದ. ಅಲ್ಲಮನ ಬೆಡಗಿನ ವಚನಗಳ ಬಳಿಗೆ ಸೇರತಕ್ಕದ್ದು. ಒಂದು ಅಸಂಭವವನ್ನು ಹೇಳಿದ ಮೇಲೆ ಕೇಳುಗನು ಬೆರಗಾಗಿ, ನಕ್ಕು, ಇದೇನೆಂದು ಕೇಳಿಕೊಳ್ಳಲು ತುಸು ಹೊತ್ತು ಬೇಕು. 1990ರ 'ಸಂತ ಶಿಶುನಾಳ ಶರೀಫ' ಚಿತ್ರಕ್ಕೆ ಸಂಗೀತವಿತ್ತು ಶರೀಫರ ಪದಗಳನ್ನು ಮನೆಮನೆಗೆ ಮುಟ್ಟಿಸಿದ ಸಿ. ಅಶ್ವಥ್ ಅವರು ಈ ಪದವನ್ನು ಹಾಡುವಾಗ, ಎಷ್ಟೇ ಅಬ್ಬರಿಸಿದರೂ, ಒಗಟನ್ನು ನಮ್ಮ ಮುಂದೆ ಇಟ್ಟೇ ಮುಂದುವರಿಯುತ್ತಿದ್ದರು. ಈ ಆಲ್ಬಮಿನಲ್ಲಿ ನಮಗೆ ಆ ಎಡೆ ದೊರೆಯಲಿಲ್ಲ. ಲಯವು ನಮ್ಮನ್ನು ಕುಣಿಸುತ್ತದೆ. ಕೋಳಿಯೂ ಕೋಡಗವೂ ಆ ಕುಣಿತದಲ್ಲಿ ಬರಿಯ ಸೊಲ್ಲುಗಳಾಗಿ ಹೋಗುತ್ತವೆ. ಲೋಕದ ಚಿಂತೆಯನ್ನು ಹಾಸ್ಯಮಾಡುವ ಇನ್ನೊಂದು ಪದಕ್ಕೆ ಮಾತ್ರ ಇದೇ ಹುರುಪು ಚೆನ್ನಾಗಿ ಒಪ್ಪಿದೆಯೆಂದು ಹೇಳದಿದ್ದರೆ ಅನ್ಯಾಯವಾದೀತು.

ಆದುದರಿಂದ ಸಮೃದ್ಧಿಯನ್ನೇ ದೋಷವೆಂದು ಎಣಿಸಲಾಗದು. ಇಟಗಿಯ ಮಹಾದೇವ ದೇವಾಲಯವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ, ಶಾಸನವು 'ದೇವಾಲಯ ಚಕ್ರವರ್ತಿ'ಯೆಂದು ಕೊಂಡಾಡಿರುವ ಆ ಗುಡಿಯಲ್ಲಿ ಕುಸುರಿಗೆ ಕೊರತೆಯಿಲ್ಲ. ಆದರೂ ಗೋಡೆಯ ಏರುತಗ್ಗುಗಳೂ ಶಿಖರದ ಅಂತಸ್ತುಗಳೂ ಅದರಲ್ಲಿ ಮುಚ್ಚಿಹೋಗಿಲ್ಲ; ಕುಸುರಿಯೇ ಅವುಗಳನ್ನು ಎತ್ತಿ ತೋರಿಸುತ್ತದೆ. 'ಜಗ್ ಚಂಗಾ'ದ ಬೆಡಗಿನ ಪದದಲ್ಲಿ ಕೆಲಸ ಬಹಳವಿದೆ, ಕಟ್ಟು ಕಾಣದು.

ಕೇಳುಗರ ಪಾಲಿನ ತಪ್ಪೂ ಇಲ್ಲದಿಲ್ಲ. ಐದು ವರ್ಷಗಳ ತರುವಾಯ ಬಂದ ಕೃತಿಯಲ್ಲಿ ಹಿಂದಿನದರ ಪಡಿಯಚ್ಚನ್ನು ಹುಡುಕುವವರು ಯಾವ ಕಲಾವಿದನಿಂದಲೂ ತೃಪ್ತರಾಗಲಾರರು. ಆದರೆ ನಮ್ಮ ತರಗತಿಗಳಿಗೆ ಬರುವ ವಿದ್ಯಾರ್ಥಿಗಳಲ್ಲಿ ಕೆಲವರು ಶರೀಫರನ್ನು ಪುಸ್ತಕಕ್ಕಿಂತ ಮೊದಲು ಇಂಥ ಹಾಡುಗಳಲ್ಲಿಯೇ ಕಂಡಿರುತ್ತಾರೆ. ಅವರಿಗೆ ಬೆಡಗು ಬರಿಯ ತಮಾಷೆಯಾಗಿ ಕೇಳಿಸಿದರೆ, ಅಲ್ಲಮನತ್ತ ಹೋಗುವ ದಾರಿಯೊಂದು ಮುಚ್ಚಿದಂತೆ. ಮಾಳಿಗೆಯ ಪದದ ಪಾಠಕ್ಕೆ ಮುನ್ನ ಮೊದಲ ಆಲ್ಬಮನ್ನು ಕೇಳಿಸಲು ನಮಗೆ ಸಂಕೋಚವಿಲ್ಲ. ಬೆಡಗಿನ ಪದಕ್ಕೆ ಮಾತ್ರ ಈಗಲೂ ಊರ ಭಜನೆಯವರನ್ನು ಕರೆಸುವುದೇ ಲೇಸು.