ಕುಗ್ಗುವ ನಿಘಂಟು: ಆರ್ವೆಲ್ಲನ ‘೧೯೮೪’

೧೯೪೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ತನ್ನ ಇಂಗ್ಲಿಷ್-ಕನ್ನಡ ನಿಘಂಟನ್ನು ಹೊರತಂದಿತು. ೧೯೪೯ರಲ್ಲಿ ಜಾರ್ಜ್ ಆರ್ವೆಲ್ಲನ ‘೧೯೮೪’ ಪ್ರಕಟವಾಯಿತು. ಅದು ಪದಸಂಪತ್ತನ್ನು ಬೆಳೆಸುವ ಯತ್ನ. ಇದು, ಪ್ರಭುತ್ವವು ಪದಗಳನ್ನು ಅಳಿಸುತ್ತ ಸ್ವತಂತ್ರ ಆಲೋಚನೆಯನ್ನೇ ಅಸಾಧ್ಯಗೊಳಿಸೀತೆಂಬ ಭೀತಿಯ ಚಿತ್ರ. ಈ ಕಲ್ಪನೆಯ ಬಲವನ್ನು ನಾವು ಮನಸಾರೆ ಮೆಚ್ಚುತ್ತೇವೆ; ಆದರೆ ಕೃತಿಯನ್ನು ಪೂರ್ಣವಾಗಿ ಒಪ್ಪಲಾರೆವು.

ಗೋಲ್ಡ್‌ಸ್ಟೀನನ ಗ್ರಂಥಭಾಗವು ಕಥೆಯ ಓಟವನ್ನು ತಡೆಯುತ್ತದೆ. ಅದಕ್ಕಿಂತ ದೊಡ್ಡ ಕೊರತೆಯೊಂದುಂಟು. ನಾಯಕ ವಿನ್‌ಸ್ಟನ್ ಭರವಸೆಯಿಟ್ಟಿರುವುದು ಜನಸಂಖ್ಯೆಯಲ್ಲಿ ನೂರಕ್ಕೆ ೮೫ರಷ್ಟಿರುವ ಶ್ರಮಿಕರಲ್ಲಿ. ಅವರಾದರೋ ಇಲ್ಲಿ ದೂರದ ನೋಟವಾಗಿಯೇ ಉಳಿಯುತ್ತಾರೆ. ಕಾಯಕಜೀವಿಗಳ ನುಡಿಯೇ ಸಾಹಿತ್ಯವಾದುದನ್ನು ವಚನಗಳಲ್ಲಿ ಕಂಡ ಕನ್ನಡ ವಾಚಕರಿಗೆ ಈ ಚಿತ್ರ ಅಪೂರ್ಣವೆನಿಸುವುದು ಸಹಜ.

ಆದರೂ, ಹೊಸನುಡಿಯನ್ನು ಕುರಿತ ಅನುಬಂಧವು ಭೂತಕಾಲದಲ್ಲಿ ರಚಿತವಾಗಿರುವುದು ಗಮನಾರ್ಹ. ಆ ಪ್ರಭುತ್ವವೂ ಎಂದೋ ಅಳಿದಿರಬಹುದು. ಆ ಸಣ್ಣ ಸಂದೇಹವನ್ನು ಉಳಿಸಿದುದಕ್ಕಾಗಿಯೇ ನಾವು ಈ ಕಾದಂಬರಿಗೆ ಮರಳುತ್ತೇವೆ.