ಕರ್ತೃವನ್ನು ಹುಡುಕಿದ ಮನೋವಿಜ್ಞಾನಿ

ಮನೋವಿಶ್ಲೇಷಣೆಯ ಗ್ರಂಥಗಳಲ್ಲಿ ಸಾಹಿತ್ಯಾಸಕ್ತರು ಓದಲೇಬೇಕಾದವು ಕೆಲವೇ. ರಾಯ್ ಷೇಫರ್ ಅವರು ೧೯೭೬ರಲ್ಲಿ ಪ್ರಕಟಿಸಿದ ‘ಎ ನ್ಯೂ ಲ್ಯಾಂಗ್ವೇಜ್ ಫಾರ್ ಸೈಕೋಅನಾಲಿಸಿಸ್’ ಅವುಗಳಲ್ಲೊಂದೆಂದು ನನ್ನ ಎಣಿಕೆ. ವಿಷಯ ಮನೋವ್ಯಥೆಯಾದರೂ ಅದರ ಜಗಳ ವ್ಯಾಕರಣದೊಡನೆ.

ನ್ಯೂಯಾರ್ಕಿನಲ್ಲಿ ೧೯೨೨ರಲ್ಲಿ ಹುಟ್ಟಿದ ಷೇಫರ್ ವೈದ್ಯರಲ್ಲ, ಚಿಕಿತ್ಸಾ ಮನೋವಿಜ್ಞಾನಿ. ಅಮೆರಿಕದ ಮನೋವಿಶ್ಲೇಷಕರ ಸಂಘ ವೈದ್ಯರಲ್ಲದವರನ್ನು ಬಹುಕಾಲ ಹೊಸ್ತಿಲಾಚೆಯೇ ನಿಲ್ಲಿಸಿತ್ತೆಂಬುದನ್ನು ನೆನೆದರೆ ಇವರ ಸಾಧನೆಯ ತೂಕ ತಿಳಿದೀತು. ಕ್ಯಾನ್ಸಸ್ಸಿನ ಮೆನಿಂಗರ್ ಚಿಕಿತ್ಸಾಲಯದಲ್ಲಿ ಡೇವಿಡ್ ರಾಪಪೋರ್ಟರ ಬಳಿ ಪಳಗಿ, ರೋರ್ಷಾಕ್ ಪರೀಕ್ಷೆಯನ್ನು ಕುರಿತು ೧೯೫೪ರಲ್ಲಿ ಗ್ರಂಥ ಬರೆದರು. ಮಸಿಯ ಕಲೆಯಲ್ಲಿ ರೋಗಿ ಕಂಡದ್ದೇನು ಎಂಬುದಷ್ಟೇ ಅಲ್ಲ, ಅದನ್ನು ಹೇಗೆ ಹೇಳಿದ ಎಂಬುದಕ್ಕೂ ಕಿವಿಗೊಡುವ ಅಭ್ಯಾಸ ಅವರದು.

ರಾಪಪೋರ್ಟರು ಫ್ರಾಯ್ಡನ ಸಿದ್ಧಾಂತವನ್ನು ಪ್ರಕೃತಿವಿಜ್ಞಾನದ ಮಾದರಿಯಲ್ಲಿ ಬಿಗಿಯಾಗಿ ಕಟ್ಟಲು ದುಡಿದವರು. ಶಿಷ್ಯರು ಆ ಕಟ್ಟಡದ ತಳಪಾಯವನ್ನೇ ಪ್ರಶ್ನಿಸಿದರು. ಶಕ್ತಿ, ಒತ್ತಡ, ಯಂತ್ರ ಎಂಬ ಮಾತುಗಳ ನಡುವೆ ಮನುಷ್ಯನೆಲ್ಲಿ? ‘ಸಿಟ್ಟು ನನ್ನನ್ನು ಮೀರಿತು’ ಎನ್ನುವ ರೋಗಿ ತನ್ನ ಕೆಲಸಕ್ಕೆ ಸಿಟ್ಟನ್ನು ಕರ್ತೃವಾಗಿಸುತ್ತಾನೆ. ‘ಈಗೋ’, ‘ಇಡ್’ ಎಂಬ ಪುಟ್ಟ ಪುರುಷರನ್ನು ಒಳಗೆ ಕೂರಿಸಿದ ಸಿದ್ಧಾಂತಿಯೂ ಅದನ್ನೇ ಮಾಡುತ್ತಾನೆ. ನಾಮಪದ ಬಿಟ್ಟು ಕ್ರಿಯಾಪದ ಹಿಡಿಯಿರಿ ಎಂಬುದು ಷೇಫರರ ಸೂತ್ರ. ‘ನಾನು ಸಿಟ್ಟಿನಿಂದ ನಡೆದುಕೊಂಡೆ’ ಎಂದಾಗ ಹೊಣೆ ಮರಳಿ ಮನೆಗೆ ಬರುತ್ತದೆ.

ಕನ್ನಡಿಗನಿಗೆ ಇಲ್ಲೊಂದು ತೊಡಕುಂಟು. ನಮಗೆ ಸಿಟ್ಟು ಬರುತ್ತದೆ, ಬೇಸರವಾಗುತ್ತದೆ, ಆಸೆ ಹುಟ್ಟುತ್ತದೆ. ಕರ್ತೃ ಸಿಟ್ಟು, ನಾವು ಬರಿಯ ಚತುರ್ಥಿ ವಿಭಕ್ತಿ! ಅಷ್ಟರಿಂದಲೇ ನಾವು ಹೊಣೆಗೇಡಿಗಳೆ? ‘ಸಿಟ್ಟು ಬಂತು’ ಎಂಬುದರ ಪಕ್ಕದಲ್ಲೇ ‘ಸಿಟ್ಟು ಮಾಡಿಕೊಂಡೆ’ ಎಂಬ ನುಡಿಯೂ ನಮ್ಮಲ್ಲಿದೆ. ಮನುಷ್ಯನಿಗೆ ಎರಡೂ ಬೇಕು. ಮಗನನ್ನು ಕಳೆದುಕೊಂಡ ತಾಯಿಗೆ ‘ದುಃಖವನ್ನು ನೀನೇ ಮಾಡುತ್ತಿದ್ದೀ’ ಎನ್ನುವುದು ಚಿಕಿತ್ಸೆಯಲ್ಲ, ಕ್ರೌರ್ಯ. ಹೆಂಡತಿಗೆ ಹೊಡೆದು ‘ಸಿಟ್ಟು ಬಂದುಬಿಟ್ಟಿತು’ ಎನ್ನುವವನಿಗಾದರೋ ಷೇಫರರ ವ್ಯಾಕರಣವನ್ನು ಕಲಿಸಲೇಬೇಕು. ಯಾರಿಗೆ ಯಾವ ವಾಕ್ಯ ಸಲ್ಲುತ್ತದೆಂಬ ವಿವೇಕ ಸೂತ್ರದಲ್ಲಿಲ್ಲ, ಕೇಳುವ ಕಿವಿಯಲ್ಲಿದೆ.

ಮುಂದೆ ಷೇಫರರೇ ಸೂತ್ರದ ಬಿಗಿಯನ್ನು ಸಡಿಲಿಸಿದರು. ೧೯೮೩ರ ‘ದಿ ಅನಲಿಟಿಕ್ ಆಟಿಟ್ಯೂಡ್’, ೧೯೯೨ರ ‘ರೀಟೆಲಿಂಗ್ ಎ ಲೈಫ್’ ಗ್ರಂಥಗಳಲ್ಲಿ ಅವರ ಒಲವು ಕಥೆಯತ್ತ. ರೋಗಿ ತನ್ನ ಬಾಳಿನ ಕಥೆ ಹೇಳುತ್ತಾನೆ. ಇಬ್ಬರೂ ಸೇರಿ ಅದನ್ನು ಮತ್ತೆ ಹೇಳುತ್ತಾರೆ. ಎಲ್ಲವೂ ಕಥೆಯಾದರೆ ನಡೆದದ್ದರ ಗತಿಯೇನೆಂಬ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಆದರೂ ಈ ಎರಡನೆಯ ಷೇಫರ್ ನನಗೆ ಹೆಚ್ಚು ಹತ್ತಿರದವರು. ೨೦೧೮ರಲ್ಲಿ ತೀರಿಕೊಂಡ ಅವರು ಬಿಟ್ಟುಹೋದ ಪ್ರಶ್ನೆ ಕಾದಂಬರಿಕಾರನದೂ ಹೌದು: ಈ ವಾಕ್ಯದ ಕರ್ತೃ ಯಾರು?